ಕಳುಹಿಸುವವರ ವಿಳಾಸ

ಅರ್ಜಿಯಲ್ಲಿ ವಿಳಾಸವನ್ನು ಅರ್ಧಂಬರ್ಧ ಬರೆಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನೋಂದಣಿ ಕಚೇರಿಯ ಮೂರನೇ ಕಿಟಕಿಯಲ್ಲಿ ಕೂತು ಇಪ್ಪತ್ತೆರಡು ವರ್ಷ ಅದನ್ನೇ ತಿದ್ದಿದ್ದೇನೆ. "ಮನೆ ನಂಬರ್ ಒಂದಿದ್ರೆ ಸಾಕಾ? ಎಷ್ಟನೇ ಮಹಡಿ? ಎದುರುಗಡೆ ಏನಿದೆ? ಪೋಸ್ಟ್‌ಮ್ಯಾನ್ ಏನು ಕನಸು ಕಂಡು ಬರ್ತಾನಾ?" ಎಂದು ಎಷ್ಟು ಜನರ ಅರ್ಜಿಯನ್ನು ಹಿಂದಕ್ಕೆ ತಳ್ಳಿದ್ದೇನೋ. ನಾನಂತೂ ಸುಳ್ಳು ಬರೆದವಳಲ್ಲ, ಹೇಳಿದವಳೂ ಅಲ್ಲ. ಹೇಳಲು ಹೋದರೆ ನಾಲಿಗೆ ತೊದಲುತ್ತದೆ, ನೆಂಟರೆಲ್ಲ ನಗುತ್ತಾರೆ.

ನನ್ನ ತಂಗಿ ಮನೆಯಲ್ಲೇ ಹಳೆ ಬಟ್ಟೆ ರಿಪೇರಿ ಮಾಡುತ್ತಾಳೆ, ಅದರ ಬಗ್ಗೆ ಬ್ಲಾಗ್ ಬರೆಯುತ್ತಾಳೆ. ಸವೆದ ಕಾಲರನ್ನು ತಿರುಗಿಸಿ ಹೊಲಿಯುವುದು, ಹರಿದ ಮೊಣಕೈಗೆ ತೇಪೆ ಕಾಣದಂತೆ ಹಾಕುವುದು, ಇಂಥವು. ಮೂರು ವರ್ಷದ ಹಿಂದೆ ಗಂಡನನ್ನು ಬಿಟ್ಟು ನನ್ನ ಹತ್ತಿರ ಬಂದಳು. ಅವನು ಬಾಗಿಲ ಸಂದಿಗೆ ಸಿಕ್ಕಿಸಿದ ಅವಳ ಎಡಗೈಯ ಎರಡು ಬೆರಳು ಇವತ್ತಿಗೂ ಮಡಚುವುದಿಲ್ಲ. ನಾನು ಕೇಳಿ ವರ್ಗ ಮಾಡಿಸಿಕೊಂಡೆ. ಎಲ್ಲಿಗೆ ಎಂದು ಯಾರಿಗೂ ಹೇಳದೆ ಇಬ್ಬರೂ ಈ ಊರಿಗೆ ಬಂದೆವು. ಬ್ಲಾಗ್ ಅವನಿಗೂ ಗೊತ್ತಿತ್ತು, ಹಾಗಾಗಿ ಅದನ್ನು ಮುಚ್ಚು ಎಂದೆ.

"ಮನೆ ಬಿಟ್ಟೆ, ಊರು ಬಿಟ್ಟೆ. ಇದನ್ನೂ ಅವನಿಗೆ ಹೆದರಿ ಬಿಡ್ಲಾ ಅಕ್ಕ?" ಎಂದಳು.

ಫೋಟೋದಲ್ಲಿ ಬಟ್ಟೆ ಮತ್ತು ಸೂಜಿ ಬಿಟ್ಟು ಬೇರೇನೂ ಕಾಣದಂತೆ ನೋಡಿಕೊಳ್ಳುತ್ತಿದ್ದಳು. ಗೋಡೆಯ ಬಣ್ಣ ಕೂಡ ಬೀಳಬಾರದು.

ಹೊಸ ಬರಹ ಬಂದಾಗ ಮೇಲ್ ಮಾಡಿ ಎಂದು ಓದುಗರು ಕೇಳತೊಡಗಿದರು. ಅದಕ್ಕೆಂದೇ ಕಂಪನಿಗಳಿವೆ. ಬ್ಲಾಗನ್ನು ಅವರಿಗೆ ಜೋಡಿಸಿಕೊಟ್ಟರೆ ಸಾಕು, ಹೊಸ ಬರಹ ಬಂದ ಕೂಡಲೇ ಅವರೇ ಎಲ್ಲರಿಗೂ ಕಳಿಸುತ್ತಾರೆ. "ಜೋಡಿಸೋ ಕೆಲ್ಸ ನನಗೆ ಬಿಡು. ನಿನ್ನ ಕೈಗೆ ಕೊಟ್ರೆ ಬೀಗದ ಕೈ ಬಾಗಿಲಲ್ಲೇ ಬಿಟ್ಟು ಬರ್ತೀಯ," ಎಂದೆ ನಾನು.

ನಮ್ಮ ಕಚೇರಿಯ ಕಂಪ್ಯೂಟರ್ ರಿಪೇರಿಯವನನ್ನು ಎಲ್ಲರೂ ಡಾಕ್ಟರ್ ಎನ್ನುತ್ತೇವೆ. ಅವನನ್ನು ಕೂರಿಸಿಕೊಂಡು ಕೇಳಿದೆ. "ಬ್ಲಾಗಿನ ಪಾಸ್‌ವರ್ಡ್ ಮಾತ್ರ ಕೊಡಬೇಡಿ. ಆ ಕಂಪನಿಗೆ ಅಂತಲೇ ಬೇರೆ ಕೀ ಮಾಡಿಸಿ. ಓದೋಕೆ ಮಾತ್ರ ಅನುಮತಿ, ತಿದ್ದೋಕೆ ಬೇಡ. ಬೇಡ ಅನ್ನಿಸಿದ ದಿನ ಕೀ ಅಳಿಸಿಬಿಡಿ," ಎಂದ. ಅಕ್ಷರಶಃ ಹಾಗೇ ಮಾಡಿದೆ. ಎಲ್ಲಕ್ಕೂ ಅನುಮತಿ ಕೊಡಿ ಎಂಬ ದೊಡ್ಡ ನೀಲಿ ಗುಂಡಿಯನ್ನು ಮೂರು ಸಲ ತೋರಿಸಿದರು, ಮೂರು ಸಲವೂ ಬೇಡ ಎಂದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಕೊನೆಯ ಪುಟದಲ್ಲಿ ಒಂದು ಖಾಲಿ ಚೌಕವಿತ್ತು: ಕಳುಹಿಸುವವರ ಅಂಚೆ ವಿಳಾಸ. ಖಾಲಿ ಬಿಡುವಂತಿಲ್ಲ ಎಂಬ ಕೆಂಪು ಚುಕ್ಕೆ ಬೇರೆ. ಯಾಕೆ ಕೇಳುತ್ತಿದ್ದಾರೆ ಎಂದು ನಾನು ಯೋಚಿಸಲಿಲ್ಲ. ಚೌಕ ಕಂಡರೆ ತುಂಬುವ ಕೈ ನನ್ನದು.

ಶನಿವಾರ ಬೆಳಿಗ್ಗೆ ಹತ್ತಕ್ಕೆ ತಂಗಿ ಬರಹ ಹಾಕಿದಳು. ಇನ್ನೂರ ಹನ್ನೆರಡು ಜನರಿಗೆ ಮೇಲ್ ಹೋಯಿತು. ನನಗೂ ಒಂದು ಬಂತು. ಅಡುಗೆಮನೆಯಲ್ಲಿ ನಿಂತು ಖುಷಿಯಾಗಿ ಓದಿದೆ. ಎಲ್ಲ ಮುಗಿದ ಮೇಲೆ, ಕೆಳಗೆ, ಬೂದುಬಣ್ಣದ ಇರುವೆಸಾಲಿನಂಥ ಅಕ್ಷರದಲ್ಲಿ ನಮ್ಮ ಮನೆ ಇತ್ತು. ಬಾಗಿಲ ಸಂಖ್ಯೆ, ರಸ್ತೆ, ಊರು, ಎರಡನೇ ಮಹಡಿ, ಮೆಟ್ಟಿಲು ಹತ್ತಿ ಬಲಕ್ಕೆ, ಶೂ ರಿಪೇರಿ ಅಂಗಡಿಯ ಎದುರು.

ಕಂಪನಿಯವರ ಪುಟ ತೆರೆದೆ. ಮೇಲನ್ನು ಯಾರು ಯಾರು ತೆರೆದು ನೋಡಿದರು ಎಂಬ ಪಟ್ಟಿ ಅಲ್ಲಿರುತ್ತದೆ. ಮೂರು ವರ್ಷದ ಹಿಂದೆ ಗಂಡನಿಂದ ತಂಗಿಗೆ ಬೆದರಿಕೆ ಬರುತ್ತಿದ್ದ ಅದೇ ಮೇಲ್ ಐಡಿ ಆ ಪಟ್ಟಿಯಲ್ಲಿತ್ತು. ಮೊದಲು ತೆರೆದದ್ದು ಹತ್ತು ಗಂಟೆ ಹದಿನಾಲ್ಕು ನಿಮಿಷಕ್ಕೆ. ನಾನು ನೋಡುವಾಗ ಆರು ಸಲ ಆಗಿತ್ತು. ನೋಡುತ್ತಿದ್ದಂತೆಯೇ ಏಳಾಯಿತು.

ಕೀ ಅಳಿಸಿದೆ. ಸಂಪರ್ಕ ಕಡಿದೆ. ಹೋದ ಮೇಲನ್ನು ವಾಪಸ್ ತರಿಸಿ ಎಂದು ಕಂಪನಿಯವರಿಗೆ ಬರೆದೆ. ಕಳಿಸಿದ್ದನ್ನು ಹಿಂಪಡೆಯಲು ಬರುವುದಿಲ್ಲ, ವಿಳಾಸ ಹಾಕುವುದು ಓದುಗರ ನಂಬಿಕೆಗಾಗಿ ಎಂದು ಉತ್ತರ ಬಂತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಪೊಲೀಸರಿಗೆ ಫೋನ್ ಮಾಡಿದೆ. ಏನಾದರೂ ಆದರೆ ತಿಳಿಸಿ ಎಂದರು. ಆಗುವುದಕ್ಕೇ ಹೆದರಿ ಫೋನ್ ಮಾಡಿದವಳಿಗೆ ಅದೆಂಥ ಮಾತೋ.

ತಂಗಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಹೇಳಿದೆ. ಅವಳು ಪೆಡಲಿನಿಂದ ಕಾಲು ತೆಗೆದಳು.

"ಎಷ್ಟೊತ್ತಿಗೆ ನೋಡ್ದ?"

"ಹತ್ತೂ ಹದಿನಾಲ್ಕಕ್ಕೆ."

"ಅಲ್ಲಿಂದ ಇಲ್ಲಿಗೆ ನಾಲ್ಕು ಗಂಟೆ ದಾರಿ," ಎಂದು ಎದ್ದು ಮಂಚದ ಕೆಳಗಿನಿಂದ ಒಂದು ಚೀಲ ಎಳೆದಳು. ಬಟ್ಟೆ ತುಂಬಲು ಅದನ್ನು ತೆರೆಯಲೇ ಇಲ್ಲ. ಅದು ತುಂಬಿಯೇ ಇತ್ತು. ಮೂರು ವರ್ಷದಿಂದ ತುಂಬಿಯೇ ಇತ್ತಂತೆ, ಬೇಸಿಗೆಗೊಮ್ಮೆ ಚಳಿಗೊಮ್ಮೆ ಬಟ್ಟೆ ಬದಲಾಯಿಸುತ್ತಿದ್ದಳಂತೆ. ತಂಗಿಯನ್ನು ಕಾಪಾಡಿದ ಅಕ್ಕ ನಾನು ಎಂದು ಬೀಗುತ್ತಿದ್ದೆ. ಈ ಮನೆಯಲ್ಲಿ ಒಂದು ರಾತ್ರಿಯೂ ಅವಳು ಧೈರ್ಯವಾಗಿ ಮಲಗಿರಲಿಲ್ಲ.

"ಎಲ್ಲಿಗೆ ಹೋಗ್ತೀಯ? ನಾನೂ ಬರ್ತೀನಿ."

"ಇಬ್ರೂ ಹೋದ್ರೆ ನಿನ್ನ ಕಚೇರಿ ಹಿಡ್ಕೊಂಡು ಹುಡುಕ್ತಾನೆ. ನೀನಿಲ್ಲೇ ಇರು. ಎಲ್ಲಿಗೆ ಅಂತ ನಿನಗೆ ಹೇಳಲ್ಲ ಅಕ್ಕ. ಬೇಜಾರು ಮಾಡ್ಕೋಬೇಡ. ಅವನು ಕೇಳ್ತಾನೆ, ನಿನ್ನ ಮುಖ ಎಲ್ಲಾ ಹೇಳ್ಬಿಡುತ್ತೆ."

ನನ್ನ ಕೆನ್ನೆ ಮುಟ್ಟಿ ಹೊರಟುಹೋದಳು. ಆಗ ಹನ್ನೊಂದೂ ಆಗಿರಲಿಲ್ಲ. ಆಮೇಲಿನ ನಾಲ್ಕು ತಾಸು ಮೆಟ್ಟಿಲ ಮೇಲೆ ಬೆಕ್ಕು ನಡೆದರೂ ನನ್ನ ಜೀವ ಬಾಯಿಗೆ ಬರುತ್ತಿತ್ತು.

ಎರಡೂಮುಕ್ಕಾಲಿಗೆ ಅವನು ಬಂದ. ಬಾಗಿಲು ಒದೆಯಲಿಲ್ಲ. ಬೆಲ್ ಒತ್ತಿ, ನಾನು ತೆಗೆದ ಮೇಲೆ ಶೂ ಬಿಚ್ಚಿ ಪಕ್ಕಕ್ಕಿಟ್ಟು ಒಳಗೆ ಬಂದು ಯಂತ್ರದಲ್ಲಿ ಅರ್ಧಕ್ಕೆ ನಿಂತ ಹೊಲಿಗೆಯನ್ನು ನೋಡಿದ.

"ಎಲ್ಲಿ?"

"ಹೋದಳು."

"ಎಲ್ಲಿಗೆ?"

"ಗೊತ್ತಿಲ್ಲ."

ನನ್ನ ಮುಖವನ್ನೇ ಬಹಳ ಹೊತ್ತು ನೋಡಿದ. ಆಮೇಲೆ, "ನೀವು ಸುಳ್ಳು ಹೇಳೋರಲ್ಲ ಬಿಡಿ. ಅಕ್ಕನಿಗೆ ಹೇಳದೆ ಎಷ್ಟು ದಿನ ಇರ್ತಾಳೆ? ಕಾಯ್ತೀನಿ," ಎಂದು ಕೆಳಗಿಳಿದು ಎದುರಿನ ಅಂಗಡಿಯ ಬೆಂಚಿನ ಮೇಲೆ ಕೂತ. ಮತ್ತೆ ಪೊಲೀಸರಿಗೆ ಹೇಳಿದೆ. ಬೆಂಚಿನ ಮೇಲೆ ಕೂರುವುದು ತಪ್ಪಲ್ಲವಂತೆ.

ಒಂಬತ್ತು ದಿನವಾಯಿತು. ದಿನವೂ ಬರುತ್ತಾನೆ. ನಾನು ಕಚೇರಿಗೆ ಹೊರಟರೆ ಹತ್ತು ಹೆಜ್ಜೆ ಹಿಂದೆ ಬರುತ್ತಾನೆ, ಮರಳುವಾಗ ಮತ್ತೆ ಅಷ್ಟೇ ದೂರದಲ್ಲಿ.

ಇವತ್ತು ಸಂಜೆ ಯಾವುದೋ ಹೊಸ ನಂಬರಿನಿಂದ ಫೋನ್ ಬಂತು. ತಂಗಿಯ ದನಿ. ಮೂಗು ಕಟ್ಟಿದಂತಿತ್ತು, ಅತ್ತಿದ್ದಳೋ ಏನೋ.

"ಅಕ್ಕ, ತಡ್ಕೊಳ್ಳೋಕಾಗ್ತಿಲ್ಲ. ಒಂದು ರೂಮ್ ಸಿಕ್ಕಿದೆ, ನೀನೊಂದ್ಸಲ ಬಂದು ಹೋಗು. ಎಲ್ಲಿ ಅಂತ ಹೇಳ್ತೀನಿ, ಬರ್ಕೋ. ಮೂರನೇ ಮಹಡಿ, ಎದುರುಗಡೆ—"

ನಾನು ಫೋನ್ ಕಡಿದುಬಿಟ್ಟೆ. ಆ ನಂಬರನ್ನೂ ಅಳಿಸಿದೆ.