ಲೈಲ್ ಎಷ್ಟಕ್ಕೆ ಎದ್ದ?

೧

ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ಬ್ಯಾಟರಿಯಿಂದ ಶುರು ಮಾಡಿದರೆ ಪುಟ ಮಗುಚುತ್ತೀರಿ. ಗಂಡ ಹೆಂಡತಿಯಿಂದ ಶುರು ಮಾಡಿದರೆ ಕಾಲು ಚಾಚಿ ಕೂರುತ್ತೀರಿ, ಆಮೇಲೆ ಬ್ಯಾಟರಿ ಬಂದಾಗ ನನ್ನನ್ನೇ ಬೈಯುತ್ತೀರಿ. ಎರಡನ್ನೂ ಬಿಡಿಸಿ ಇಡಲು ನನ್ನ ಕೈಯಲ್ಲಿ ಆಗಿಲ್ಲ.

ಮೊದಲ ಕರಡು ಹೀಗಿತ್ತು: "ಅರಿಜೋನಾದ ಮರುಭೂಮಿಯಲ್ಲಿ ಸೂರ್ಯ ಕೆಂಪಗೆ ಮುಳುಗುತ್ತಿದ್ದ..." ಥೂ! ಹರಿದು ಹಾಕಿದೆ. (ಲ್ಯಾಪ್‌ಟಾಪಿನಲ್ಲಿ ಹರಿಯುವುದು ಹೇಗೆ ಎಂದು ಕೇಳಬೇಡಿ. ಹರಿದೆ ಅಂದುಕೊಳ್ಳಿ.) ಇಲ್ಲಿ ವ್ಯಾನು ನಿಲ್ಲಿಸಿಕೊಂಡು ಒಂಬತ್ತು ಚಳಿಗಾಲ ಕಳೆದವನು ನಾನು. ಸೂರ್ಯ ಮುಳುಗಿದರೆ ನಮಗೆಲ್ಲ ತೋಚುವುದು ಒಂದೇ: ಇವತ್ತಿನ ಚಾರ್ಜು ಮುಗಿಯಿತು.

೨

ಹಾಗಾಗಿ ಬೆಳಿಗ್ಗೆಯಿಂದ ಶುರು ಮಾಡೋಣ. ನಮ್ಮ ಕ್ಯಾಂಪಿನಲ್ಲಿ ಬೆಳಿಗ್ಗೆ ಎದ್ದು ಯಾರೂ ಯಾರನ್ನೂ "ನಿದ್ದೆ ಬಂತಾ" ಎಂದು ಕೇಳುವುದಿಲ್ಲ. ಗಂಡಸರು ಕಾಫಿ ಮಗ್ಗು ಹಿಡಿದು ತಂತಮ್ಮ ಮೋಟರ್‌ಹೋಮಿನಿಂದ ಇಳಿಯುತ್ತಾರೆ, "ಎಷ್ಟಕ್ಕೆ ಎದ್ದೆ?" ಎನ್ನುತ್ತಾರೆ. ಎಷ್ಟು ವೋಲ್ಟಿಗೆ ಎಂದು ಅರ್ಥ. ಕರೆಂಟು ಕಂಬವಿಲ್ಲದ ಜಾಗ ಇದು. ಹಗಲು ಸೋಲಾರ್ ತುಂಬಿಸಿದ್ದನ್ನು ರಾತ್ರಿ ಗಾಡಿಯೊಳಗಿನ ಮನೆ ತಿನ್ನುತ್ತದೆ. ಬೆಳಿಗ್ಗೆ ಮಿಕ್ಕಿದ್ದೆಷ್ಟೋ ಆ ಗಂಡಸಿನ ಮರ್ಯಾದೆಯೂ ಅಷ್ಟೇ.

"ಹನ್ನೆರಡು ಪಾಯಿಂಟ್ ಒಂದು," ಎಂದ ಡುವೇನ್, ನೆಲ ನೋಡುತ್ತ.

"ಹನ್ನೆರಡೂವರೆ," ಎಂದ ಪಕ್ಕದ ಗಾಡಿಯ ಲೈಲ್.

ಇಬ್ಬರ ಮೆಟ್ಟಿಲ ಕೆಳಗೂ ಒಂದೇ ಥರದ ನಾಲ್ಕು ಸೀಸದ ಬ್ಯಾಟರಿ. ಮೇಲಾಗಿ ಲೈಲನ ಶ್ವಾಸಕೋಶ ಸೋತು ಎರಡು ವರ್ಷ. ಮಲಗುವಾಗ ಆಕ್ಸಿಜನ್ ಮಷೀನು ಬೇಕು, ಒಂಬತ್ತು ಗಂಟೆ, ಡಾಕ್ಟರ ಅಪ್ಪಣೆ.

"ಅಲ್ಲ ಮಾರಾಯಾ, ನನ್ನದು ಬರೀ ಗೊರಕೆ ಮಷೀನು. ನಿಂದು ಅಷ್ಟು ದೊಡ್ಡದು ಓಡುತ್ತೆ, ಆದ್ರೂ ಹನ್ನೆರಡೂವರೆ! ಬ್ಯಾಟರಿಗೆ ಏನು ತಿನ್ನಿಸ್ತೀಯೋ?" ಎಂದ ಡುವೇನ್.

"ಪ್ರೀತಿ," ಎಂದ ಲೈಲ್. "ತಿಂಗಳಿಗೊಮ್ಮೆ ಡಿಸ್ಟಿಲ್ಡ್ ವಾಟರು."

ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಆರ್ಡಿಸ್ ಜಂಬದಿಂದ ನಕ್ಕಳು. ಮಿನ್ನೆಸೋಟಾದವರು, ಮದುವೆಯಾಗಿ ನಲವತ್ತೆಂಟು ವರ್ಷ. ಅವನು ಶಾಲೆ ಬಸ್ಸುಗಳ ಮೆಕ್ಯಾನಿಕ್ ಆಗಿದ್ದವನು. ಅವರಿಬ್ಬರ ನಡುವೆ ಒಂದು ಕರಾರಿತ್ತು: ಬ್ಯಾಟರಿ ಇಡೀ ರಾತ್ರಿ ಮಷೀನು ನಡೆಸದ ದಿನ ಮರುಭೂಮಿ ಬಿಡುವುದು, ಊರೊಳಗೆ ಕರೆಂಟು ಕಂಬವಿರುವ, ಬಾಡಿಗೆಗೆ ಗಾಡಿ ನಿಲ್ಲಿಸುವ ಪಾರ್ಕಿಗೆ ಹೋಗುವುದು. "ಅಲ್ಲಿ ಪಕ್ಕದವನು ಸೀನಿದ್ರೆ ನಮ್ಮನೆ ಪರದೆ ಅಲ್ಲಾಡುತ್ತೆ. ಅಲ್ಲಿಗೆ ಹೋದ್ರೆ ನಾನು ಸತ್ತ ಹಾಗೇ," ಎನ್ನುತ್ತಿದ್ದ ಲೈಲ್. ತಮಾಷೆಗಲ್ಲ.

೩

(ಕಥೆ ಈಗ ಶುರು. ಇಷ್ಟು ಹೊತ್ತು ನಡೆದಿದ್ದು ಪಾರ್ಕಿಂಗು.)

ಪ್ರತಿ ಭಾನುವಾರ ಆರ್ಡಿಸ್ ಮಷೀನಿನ ಫಿಲ್ಟರ್ ತೊಳೆಯುತ್ತಾಳೆ. ಮಷೀನಿನ ಬದಿಯಲ್ಲಿ ಒಂದು ಪುಟ್ಟ ಕಿಟಕಿ. ಒಟ್ಟು ಎಷ್ಟು ಗಂಟೆ ಓಡಿದೆ ಎಂಬ ಲೆಕ್ಕ ಅದರಲ್ಲಿ ಕಾಣುತ್ತದೆ. ಸರ್ವೀಸಿನವರು ಫೋನಿನಲ್ಲಿ ಕೇಳಿದರೆಂದು ಅವಳು ಆ ಅಂಕಿಯನ್ನು ಕ್ಯಾಲೆಂಡರಿನಲ್ಲಿ ಗೀಚಿಕೊಂಡಿದ್ದಳು. ಮುಂದಿನ ಭಾನುವಾರ ಸುಮ್ಮನೆ ಮತ್ತೆ ನೋಡಿದಳು. ಏಳು ರಾತ್ರಿಗೆ ಅರವತ್ತಮೂರು ಗಂಟೆ ಏರಿರಬೇಕಿತ್ತು. ಏರಿದ್ದು ಇಪ್ಪತ್ತೆಂಟು.

ಬೆರಳು ಮಡಿಚಿ ಎಣಿಸಿದಳು. ರಾತ್ರಿಗೆ ನಾಲ್ಕು. ಇವಳಿಗೆ ನಿದ್ದೆ ಹತ್ತಿದ ಮೇಲೆ ಅವನು ಮಷೀನು ಆರಿಸುತ್ತಿದ್ದ. ಹನ್ನೆರಡೂವರೆಯ ಗುಟ್ಟು ಅದು. ಮೊದಲು ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂತು. ಆಮೇಲೆ ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು ತಾನು ನಕ್ಕಿದ್ದು ನೆನಪಾಗಿ ನಾಚಿಕೆಯಾಯಿತು. ಗಂಡ ಬಿಟ್ಟ ಐದು ಗಂಟೆಯ ಉಸಿರಿಗೆ ಅವಳು ಜಂಬಪಟ್ಟಿದ್ದಳು.

"ನನ್ನನ್ನ ಕಳ್ಳ ಮಾಡ್ಬಿಟ್ಟೆ," ಎಂದ ಲೈಲ್, ಎಷ್ಟೋ ವಾರಗಳ ಮೇಲೆ ನಾನು ಇಷ್ಟನ್ನು ಓದಿ ಹೇಳಿದಾಗ.

"ನೀನು ಕದ್ದಿದ್ದೀಯಪ್ಪ."

"ನಂದನ್ನ ನಾನೇ ಕದ್ರೆ ಅದು ಹೆಂಗೋ ಕಳ್ಳತನ?"

(ಉತ್ತರ ನಿಮಗೆ ಹೊಳೆದರೆ ಅಂಚಿನಲ್ಲಿ ಬರೆದುಕೊಳ್ಳಿ.)

೩, ಮತ್ತೊಮ್ಮೆ

ಎರಡನೆಯ ಕರಡಿನಲ್ಲಿ ಆರ್ಡಿಸ್ ಕ್ಯಾಲೆಂಡರನ್ನು ಅವನ ಮುಖಕ್ಕೆ ಎಸೆದು ಗೋಳೋ ಎಂದು ಅತ್ತಳು. ಚೆನ್ನಾಗಿ ಬಂದಿತ್ತು. ಅದನ್ನು ಓದಿ ಅವಳೇ ನನ್ನ ವ್ಯಾನಿನ ಬಾಗಿಲು ಬಡಿದಳು.

"ನಾನು ಅಳಲಿಲ್ಲ. ತೆಗಿ ಅದನ್ನ."

"ಓದುಗರಿಗೆ ಬೇಕಾಗುತ್ತೆ, ಆರ್ಡಿಸ್."

"ಬೇಕಿದ್ರೆ ಅವರೇ ಅಳಲಿ."

ತೆಗೆದೆ. ನಿಜಕ್ಕೂ ಆಗಿದ್ದು ಇಷ್ಟು. ಅವಳು ಫಿಲ್ಟರ್ ಒಣಹಾಕಿ ಬಂದು, "ಲೀಥಿಯಂ ಬ್ಯಾಟರಿ ಹಾಕೋಣ," ಎಂದಳು.

"ನನ್ನ ಬ್ಯಾಟರಿಗೆ ಏನು ದಾಡಿಯೇ? ಹನ್ನೆರಡೂವರೆ!"

"ಗೊತ್ತು," ಎಂದಳು. ಅಂಗಡಿಗೆ ಫೋನು ಹಚ್ಚಿದಳು.

ಅವಳಿಗೆ ಬೇಕಿದ್ದಿದ್ದು ಬ್ಯಾಟರಿಯಲ್ಲ, ಅವನ ನೆಪ ಕಿತ್ತುಕೊಳ್ಳುವುದು. ಲೀಥಿಯಂ ಬಂದು ಸಾಕಾಗಿ ಮಿಗುವಷ್ಟು ಕರೆಂಟು ಇದ್ದೂ ಅವನು ಮಷೀನು ಆರಿಸಿದರೆ? ಆಗ ಅವನು ಉಳಿಸುತ್ತಿದ್ದದ್ದು ಬ್ಯಾಟರಿಯನ್ನಲ್ಲ. ಅವನಿಗೆ ಬದುಕೇ ಸಾಕಾಗಿದೆ. ಆ ಯೋಚನೆ ಬಂದಾಗಲೆಲ್ಲ ಅವಳು ಎದ್ದು ಹೋಗಿ ಫಿಲ್ಟರ್ ಒಣಗಿತೇ ಎಂದು ನೋಡುತ್ತಿದ್ದಳು.

೫

(ನಾಲ್ಕರಲ್ಲಿ ಇನ್ವರ್ಟರ್ ಬಗ್ಗೆ ಎರಡು ಪುಟ ಇತ್ತು. ನಿಮ್ಮ ಪುಣ್ಯ, ಅಳಿಸಿದೆ.)

ಸೋಮವಾರ ಕೆಲಸ. ಲೈಲ್ ಮಡಿಚುವ ಕುರ್ಚಿಯಲ್ಲಿ ಕೂತು ಅಪ್ಪಣೆ ಕೊಡುವವನು, ಸ್ಪ್ಯಾನರ್ ಹಿಡಿದವಳು ಆರ್ಡಿಸ್. ಹಳೆಯ ಬ್ಯಾಟರಿಗಳನ್ನು ಎತ್ತಲು ಡುವೇನ್ ತಳ್ಳುಗಾಡಿ ತಂದಿದ್ದ.

"ಮೊದ್ಲು ಉಂಗುರ ತೆಗಿ. ಸ್ಪ್ಯಾನರಿಗೂ ಅದಕ್ಕೂ ತಾಕಿದ್ರೆ ಬೆರಳೇ ಸುಟ್ಟುಹೋಗುತ್ತೆ."

ಉಂಗುರ ಬರಲಿಲ್ಲ. ಪಾತ್ರೆ ಸೋಪು ಹಚ್ಚಿದರೂ ಬರಲಿಲ್ಲ. "ನಲವತ್ತೆಂಟು ವರ್ಷ ಕಣೋ, ಬಾ ಅಂದ್ರೆ ಬರುತ್ತಾ?" ಎಂದಳು. ಲೈಲ್ ಕಪ್ಪು ಇನ್ಸುಲೇಷನ್ ಟೇಪು ತೆಗೆದು ಅವಳ ಬೆರಳು ಹಿಡಿದು ಉಂಗುರದ ಸುತ್ತ ಮೂರು ಸುತ್ತು ಸುತ್ತಿದ. ಎರಡನೆಯ ಸುತ್ತಿಗೆ ಅವನಿಗೆ ಏದುಸಿರು ಬಂತು, ನಿಲ್ಲಿಸಿದ, ಮತ್ತೆ ಸುತ್ತಿದ.

ಹೊಸವು ಮೂರೇ. ಆರ್ಡಿಸ್ ಒಂದನ್ನು ಒಂದೇ ಕೈಯಲ್ಲಿ ಎತ್ತಿ ಒಳಗೆ ನಡೆದಳು. ಇಷ್ಟು ವರ್ಷ ಯಾರಿಗೂ ಬ್ಯಾಟರಿ ಮುಟ್ಟಗೊಡದ ಲೈಲ್ ಅದನ್ನು ನೋಡಿ ಬೆಟ್ಟದ ಕಡೆ ಮುಖ ತಿರುಗಿಸಿದ.

ಸೀಸದವು ಗ್ಯಾಸು ಬಿಡುತ್ತವೆ, ಅವಕ್ಕೆ ಹೊರಗೇ ಜಾಗ. ಲೀಥಿಯಂಗೆ ಚಳಿ ಆಗದು. ಹೆಪ್ಪುಗಟ್ಟುವ ಬೆಳಗಿನಲ್ಲಿ ಚಾರ್ಜು ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಮಂಚದ ಕೆಳಗಿದ್ದ ಅವಳ ಕೌದಿ ಬಟ್ಟೆಯ ಪೆಟ್ಟಿಗೆಗಳು ಹೊರಬಂದವು, ಬ್ಯಾಟರಿಗಳು ಒಳಗೆ ಹೋದವು.

ಮಂಗಳವಾರ ಬೆಳಿಗ್ಗೆ ಡುವೇನ್ ಕೂಗಿದ, "ಎಷ್ಟಕ್ಕೆ ಎದ್ದೆ?"

"ಹದಿಮೂರು ಪಾಯಿಂಟ್ ಎರಡು!"

ಸಂಜೆಗೂ ಹದಿಮೂರು ಪಾಯಿಂಟ್ ಎರಡು. ಬುಧವಾರವೂ. ಲೀಥಿಯಂ ಬುದ್ಧಿಯೇ ಅದು: ಹೆಚ್ಚುಕಮ್ಮಿ ಕೊನೆತನಕ ಅದೇ ಅಂಕಿ, ಆಮೇಲೆ ಒಮ್ಮೆಲೇ ಕತ್ತಲೆ. ಸೀಸದ್ದಾದರೆ ದೀಪ ಮಂಕಾಗಿ ಮುನ್ಸೂಚನೆ ಕೊಡುತ್ತಿತ್ತು. (ನಿಜವಾದ ಲೆಕ್ಕ ತೋರಿಸುವ ಹೊಸ ಮೀಟರ್ ತಂದಿದ್ದರು. ಲೈಲ್ ಅದರ ಡಬ್ಬ ಒಡೆದೇ ಇಲ್ಲ.) ಲೈಲನೂ ಹಾಗೇ ಎಂದು ಆರ್ಡಿಸ್‌ಗೆ ಅನ್ನಿಸಿತು. ಯಾವಾಗ ಕೇಳಿದರೂ "ಚೆನ್ನಾಗಿದ್ದೀನಿ ಕಣೇ."

ಅಂತ್ಯ, ಒಂದು

ಭಾನುವಾರ. ಮಷೀನಿನ ಕಿಟಕಿಯಲ್ಲಿ ರಾತ್ರಿಗೆ ಒಂಬತ್ತೊಂಬತ್ತು ಗಂಟೆಯಂತೆ ಏರಿದೆ. ಆರ್ಡಿಸ್ ತಮ್ಮ ಮಿನ್ನೆಸೋಟಾ ಕಡೆಯ ಅಡುಗೆ, ಆಲೂಗಡ್ಡೆ ಹಾಟ್‌ಡಿಶ್, ಮಾಡಿ ಕ್ಯಾಂಪಿಗೆಲ್ಲ ಹಂಚಿದಳು. ಬರೆದ ಮೇಲೆ ನನಗೇ ನಂಬಿಕೆ ಬರಲಿಲ್ಲ.

ಅಂತ್ಯ, ಎರಡು

ನಾಲ್ಕು ನಾಲ್ಕರಂತೆ ಏರಿದೆ. ಇದನ್ನೂ ಬರೆದೆ. ಮುಂದಿನ ವಾಕ್ಯ ಬರೆಯಲು ಧೈರ್ಯ ಸಾಲಲಿಲ್ಲ.

ಅಂತ್ಯ, ಮೂರು

ಬ್ಯಾಟರಿ ಢಂ ಅಂದಿತು. (ಇದು ಡುವೇನ್‌ನ ಸಲಹೆ.)

ಆಮೇಲೆ ನಿಜವಾದ ಭಾನುವಾರ ಬಂತು

ನಾನು ನೋಟ್‌ಬುಕ್ ಹಿಡಿದು ಅವಳ ಬೆನ್ನ ಹಿಂದೆ ನಿಂತಿದ್ದೆ. ಆರ್ಡಿಸ್ ಒದ್ದೆ ಫಿಲ್ಟರನ್ನು ಪಕ್ಕಕ್ಕಿಟ್ಟಳು. ಉಂಗುರದ ಮೇಲಿನ ಟೇಪನ್ನು ಇನ್ನೂ ಬಿಚ್ಚಿರಲಿಲ್ಲ. ಈಗ ಬಿಚ್ಚಿದಳು. ಮುಖ ಆ ಕಡೆ ತಿರುಗಿಸಿಕೊಂಡು, ಕೈಯಿಂದಲೇ ತಡವಿ, ಮಷೀನಿನ ಆ ಪುಟ್ಟ ಕಿಟಕಿಯ ಮೇಲೆ ಟೇಪು ಒತ್ತಿ ಅಂಟಿಸಿದಳು.

"ಅಯ್ಯಯ್ಯೋ, ಏನು ಮಾಡ್ತಿದ್ದೀಯಾ! ನನ್ನ ಕಥೆ ಅದು!"

"ನಿನ್ನ ಕಥೆ ನೀನು ನೋಡ್ಕೋ. ನಾನು ಅವನನ್ನೇ ಕೇಳ್ತೀನಿ."

ಹೊರಗೆ ಹೋದಳು. ಅವನ ಕುರ್ಚಿಯ ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ, ತನ್ನ ಕುರ್ಚಿ ಹಾಕಿಕೊಂಡಳು.

"ನೀನು ಮಷೀನು ಆರಿಸ್ತಿದ್ದದ್ದು ಗೊತ್ತು ನನಗೆ. ಈ ವಾರ ಎಷ್ಟು ಗಂಟೆ ಹಾಕ್ಕೊಂಡೆ ಲೈಲ್? ಚೆನ್ನಾಗಿದ್ದೀನಿ ಅನ್ಬೇಡ. ಹೆದರಿಕೆ ಆಗುತ್ತೆ ಕಣೋ ನನಗೆ."

ಲೈಲ್ ಅವಳ ಬೆರಳು ನೋಡಿದ. ಹಿಂದೆಯೇ ಬಂದು ನಿಂತಿದ್ದ ನನ್ನನ್ನು ನೋಡಿದ.

"ಇವನು ಹೋಗ್ಲಿ."

ಕಥೆಗಾರನಾದರೂ ಅಷ್ಟು ಮಾನ ನನಗಿದೆ. ಡುವೇನ್‌ನ ಗಾಡಿಯ ತನಕ ಹೋಗಿ ನಿಂತೆ. ಅಲ್ಲಿಗೆ ಮಾತು ಕೇಳಿಸದು, ಮುಖ ಕಾಣುತ್ತದೆ. ಲೈಲ್ ಭುಜ ಮೇಲಕ್ಕೆ ಬರುವಷ್ಟು ಉಸಿರು ಎಳೆದುಕೊಂಡ. ಆಮೇಲೆ ಅವನ ತುಟಿ ಅಲ್ಲಾಡತೊಡಗಿತು.

"ಎಷ್ಟಂತೆ?" ಎಂದ ಡುವೇನ್, ಕಾಫಿ ಮಗ್ಗು ಹಿಡಿದು ಬಂದು.

ಗೊತ್ತಿಲ್ಲ. ಒಂದು ಅಂಕಿ ಹೇಳಲು ಅಷ್ಟು ಹೊತ್ತು ಬೇಡ. ಡುವೇನ್‌ನ ಮಗ್ಗು ಖಾಲಿಯಾಯಿತು, ಬಿಸಿಲು ಸೋಲಾರ್ ಮೇಲೆ ಬಂತು. ಲೈಲ್ ಇನ್ನೂ ಮಾತಾಡುತ್ತಿದ್ದಾನೆ.