ಹದಿನಾಲ್ಕನೇ ತಾರೀಖಿನ ಹಾಜರಿ

"ಗೋವಾಕ್ಕ ನೀವು ಹೋಗಿಲ್ಲ ಅನ್ನಾಕ ಸಾಕ್ಷಿ ಏನೈತ್ರಿ ಸರ್?"

ಹಾನಗಲ್ಲಿನ ಬ್ಯಾಂಕಿನಲ್ಲಿ ಸಮತಾ ಮೇಡಂ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಕೇಳಿದರು. ಹದಿನಾಲ್ಕನೇ ತಾರೀಖು ಮಧ್ಯಾಹ್ನ ಉಪನ್ಯಾಸಕ ಜಗದೀಶನ ಕ್ರೆಡಿಟ್ ಕಾರ್ಡನ್ನು ಗೋವಾದ ಹೋಟೆಲೊಂದರ ಕೌಂಟರಿನಲ್ಲಿ ಉಜ್ಜಿ ಯಾರೋ ಮೂವತ್ತೊಂದು ಸಾವಿರ ಕಟ್ಟಿದ್ದರು. ಸಮುದ್ರ ಕಾಣುವ ಕೋಣೆ, ಇಬ್ಬರಿಗೆ. ಜಗದೀಶ ಸಮುದ್ರ ಕಂಡವನೇ ಅಲ್ಲ.

"ಕಾರ್ಡು ನನ್ನ ಕಿಸೇದಾಗ ಇತ್ತರಿ."

"ಎಲ್ಲಾರೂ ಹಂಗ ಅಂತಾರ್ರಿ. ಆವತ್ತು ಕಾಲೇಜಿನ್ಯಾಗ ಇದ್ರಿ ಅಂತ ಹಾಜರಿ ಪುಸ್ತಕದ ನಕಲು ತರ್ರಿ. ಇವತ್ತ ಕಡೀ ದಿನ. ಬಿಲ್ ಕಟ್ಟಲಿಲ್ಲಂದ್ರ ಕ್ರೆಡಿಟ್ ಸ್ಕೋರ್ ಬೀಳತೈತಿ, ಮನಿ ಸಾಲದ ಫೈಲೂ ಕುಂತಬಿಡತೈತಿ."

ಏಳುನೂರ ಎಂಬತ್ತೊಂದು. ಆ ಸ್ಕೋರನ್ನು ದಿನಾ ಬೆಳಿಗ್ಗೆ ಮೊಬೈಲಿನಲ್ಲಿ ನೋಡಿಯೇ ಅವನು ಹಲ್ಲುಜ್ಜುತ್ತಿದ್ದ. ಅವನನ್ನು ಒಳ್ಳೆಯವನೆಂದು ಬರವಣಿಗೆಯಲ್ಲಿ ಒಪ್ಪಿಕೊಂಡದ್ದು ಜಗತ್ತಿನಲ್ಲಿ ಅದೊಂದೇ.

ಕಾಲೇಜಿನಲ್ಲಿ ಗುಮಾಸ್ತ ಪೀರಸಾಬ ಹಾಜರಿ ಪುಸ್ತಕ ತೆರೆದ. ಹದಿನಾಲ್ಕರಂದು ಜಗದೀಶನ ಹೆಸರಿನ ಮುಂದೆ ಸಹಿಯೇನೋ ಇತ್ತು. ಅದು ಮಂಜಪ್ಪ ಸರ್ ಕೈಯದು. ಮೊದಲು ಬಂದವರು ಎಲ್ಲರ ಸಹಿಯನ್ನೂ ಮಾಡಿಬಿಡುವುದು ಅಲ್ಲಿನ ಉಪನ್ಯಾಸಕರ ಹಳೆಯ ಸ್ನೇಹಾಚಾರ. ಜಗದೀಶನೂ ಎಷ್ಟೋ ಬೆಳಿಗ್ಗೆ ಮಂಜಪ್ಪನಾಗಿದ್ದ.

"ಬ್ಯಾಂಕಿನವರು ಸಹಿ ತಾಳೆ ನೋಡಿದ್ರ ಐದು ಮಂದಿ ನೌಕರಿ ಹೋಗತಾವರಿ," ಎಂದರು ಪಕ್ಕದಲ್ಲೇ ನಿಂತಿದ್ದ ಮಂಜಪ್ಪ. "ಗೋವಾಕ್ಕ ಹೋಗಿದ್ದೆ ಅಂದುಬಿಡ್ರಿ. ನಿಮ್ಮ ಮರ್ಯಾದಿಗೇನೂ ಕಮ್ಮಿ ಆಗಂಗಿಲ್ಲ."

ಜಗದೀಶ ತರಗತಿಗೆ ಹೋಗಿ ಕೇಳಿದ: "ಹದಿನಾಲ್ಕಕ್ಕ ನಾ ಪಾಠ ಮಾಡಿದ್ನಲ್ಲ?"

ಹುಡುಗರು ಮುಖ ಮುಖ ನೋಡಿಕೊಂಡರು. ಮುಂದಿನ ಬೆಂಚಿನ ಮಧುಶ್ರೀ ಕನಿಕರಪಟ್ಟು, "ಮಾಡಿರಬೌದ್ರಿ ಸರ್," ಎಂದಳು. ಅವನಿಗೆ ನಾಚಿಕೆಯಾಯಿತು, ಆಮೇಲೆ ಹೆದರಿಕೆಯಾಯಿತು.

ಬ್ಯಾಂಕು ಮುಚ್ಚುವ ಮೊದಲು ಬಿಲ್ಲು ಕಟ್ಟಿದ. ತಕರಾರು ಹಿಂತೆಗೆದುಕೊಳ್ಳುವ ಅರ್ಜಿಯಲ್ಲಿ 'ಈ ಖರ್ಚು ನನ್ನದೇ' ಎಂದು ಬರೆದು, ಸ್ವಂತ ಕೈಯಿಂದ ಸಹಿ ಹಾಕಿದ.

ಸುದ್ದಿ ಅವನಿಗಿಂತ ಮೊದಲೇ ಮನೆ ಮುಟ್ಟಿತ್ತು. ಹೆಂಡತಿ ವಿದ್ಯಾ ಹದಿನಾಲ್ಕಕ್ಕೆ ತವರೂರು ಹಂಸಭಾವಿಗೆ ಹೋಗಿದ್ದಳು. ಅವನು ಎಲ್ಲಿದ್ದನೆಂದು ಅವಳೂ ಹೇಳಲಾರಳು. ಅವಳು ಅಳಲಿಲ್ಲ, ಬೈಯಲಿಲ್ಲ. ಗ್ಯಾಸ್ ಆರಿಸಿ ಬಂದು ಎದುರಿಗೆ ಕೂತಳು. ಹನ್ನೊಂದು ವರ್ಷದಲ್ಲಿ ಅವನನ್ನು ಅಷ್ಟು ಹೊತ್ತು ನೋಡಿದವಳಲ್ಲ.

"ಆಕಿ ಯಾರು ಅಂತ ಕೇಳಂಗಿಲ್ಲ. ಸಮುದ್ರ ಹೆಂಗಿತ್ತು, ಹೇಳ್ರಿ."

ಹೋಗಿಲ್ಲ ಅಂದರೆ ಅವಳು ಎದ್ದು ಒಳಗೆ ಹೋಗುತ್ತಾಳೆಂದು ಅವನಿಗೆ ಗೊತ್ತಿತ್ತು.

"ಭಾಳ ದೊಡ್ಡದು," ಎಂದ.

"ಆಮ್ಯಾಲ?"

ಅವನು ಹೇಳತೊಡಗಿದ. ನೀರು ಪಾದಕ್ಕೆ ಬಂತು, ಮೊಣಕಾಲಿಗೆ ಬಂತು, ಎದೆಮಟ್ಟಕ್ಕೆ ಏರಿತು. ವಿದ್ಯಾ ಸಾಕು ಅನ್ನಲಿಲ್ಲ.