ಹುಲ್ಲು ಮಾಡಿದ ಉಪಕಾರ

ಹ್ಯೂಸ್ಟನ್ನಿನ ಪಶ್ಚಿಮದಂಚಿನ ಆ ಬಡಾವಣೆಯ ಹಿಂದೆ ಎಂಟೆಕರೆ ಹುಲ್ಲುಗಾವಲಿತ್ತು. ಆಳೆತ್ತರದ ಹುಲ್ಲು, ಹಾವಿನ ಭಯ ಬೇರೆ. ಅಲ್ಲಿ ಮಣ್ಣು ತುಂಬಿಸಿ ಟೆನಿಸ್ ಕೋರ್ಟ್ ಮಾಡಬೇಕೆಂದು ನಿವಾಸಿಗಳ ಸಂಘ ಹೊರಟಿತ್ತು. ಬೇಡವೆಂದು ಹಟ ಹಿಡಿದವಳು ವಾಣಿಶ್ರೀ ಒಬ್ಬಳೇ. ತೈಲ ಕಂಪನಿಗಳು ಸಾಲಾಗಿರುವ ಎನರ್ಜಿ ಕಾರಿಡಾರ್ ಪ್ರದೇಶದ ಕಂಪನಿಯೊಂದರಲ್ಲಿ ಅವಳು ಪರಿಸರ ಎಂಜಿನಿಯರ್. "ಹುಲ್ಲಿಂದ ನಮಗೇನು ಉಪಯೋಗ ಅಂತ ಬರ್ಕೊಂಡು ಬನ್ನಿ, ಗುರುವಾರದ ಮೀಟಿಂಗಲ್ಲಿ ನೋಡೋಣ," ಎಂದಿದ್ದರು ಸಂಘದ ಅಧ್ಯಕ್ಷ, ಮೈಸೂರಿನ ಮೋಹನರಾಜ.

ಶನಿವಾರ ಬೆಳಿಗ್ಗೆ ಅವಳು ಬರೆಯಲು ಕೂತಾಗ, ಧಾರವಾಡದಿಂದ ಬಂದಿದ್ದ ಅತ್ತೆ ಸುಮಿತ್ರವ್ವ ಎದುರಿಗೆ ಮೆಂತ್ಯ ಸೊಪ್ಪು ಸೋಸುತ್ತಿದ್ದರು.

"ಏನ ಬರಿಯಾಕತ್ತಿ ವಾಣಿ?"

"ನಿಸರ್ಗದ ಉಪಕಾರರೀ ಅತ್ತಿ. ನಾಕು ಥರಾ ಮಾಡ್ತಾರ. ಕಾಳು, ಕಟ್ಟಿಗಿ ಹಂಗ ಕೈಗೆ ಸಿಗೂವು ಒಂದು. ಮಳಿನೀರು ತಡಿಯೂದು, ಬಿಸಲು ತಗ್ಗಸೂದು ಎರಡನೇದು. ಮನಸಿಗೆ ಸಿಗೂ ಸಮಾಧಾನ ಮೂರನೇದು. ಮಣ್ಣು ಹದಾ ಆಗೂದು, ಇವೆಲ್ಲಾಕ್ಕೂ ಬುನಾದಿ, ಅದು ನಾಕನೇದು."

"ಮೊದಲನೇದರಾಗ ಏನ ಬರದಿ?"

"ಏನೂ ಇಲ್ರಿ. ಈ ಹುಲ್ಲಿನ ಉಪಕಾರ ಎಲ್ಲಾ ಸುತ್ತಿ ಬಳಸಿ ಬರತೈತಿ. ಬೇರು ಮಣ್ಣು ಸಡಿಲ ಮಾಡತೈತಿ, ಮಣ್ಣು ನೀರು ಕುಡೀತೈತಿ, ನಮ್ಮ ರಸ್ತಾ ಉಳೀತೈತಿ. ಬೇರಿಂದೂ ನೀರಿಂದೂ ಬ್ಯಾರೆ ಬ್ಯಾರೆ ಬರದ್ರ ಒಂದ ಉಪಕಾರ ಎರಡು ಸಲ ಎಣಿಸಿದಂಗಾಗತೈತಿ."

ಸುಮಿತ್ರವ್ವ ನಕ್ಕರು. "ಅವ್ವ ಅಡಿಗಿ ಮಾಡಿದ್ದು ಬ್ಯಾರೆ, ಉಣಿಸಿದ್ದು ಬ್ಯಾರೆ ಅಂತ ಯಾರ ಎಣಸ್ತಾರ?"

ಮಂಗಳವಾರ ಆಕಾಶವೇ ಹರಿದುಬಿದ್ದಂತೆ ಮಳೆ. ಮಧ್ಯಾಹ್ನದ ಹೊತ್ತಿಗೆ ಮೋಹನರಾಜರ ಫೋನ್ ಬಂತು. "ವಾಣಿಶ್ರೀಯವ್ರೇ, ನಮ್ಮ ಮನೆಯವಳು ಅನುಸೂಯಾಗೆ ಇವತ್ತು ಡಯಾಲಿಸಿಸ್. ಶನಿವಾರದ್ದು ಮಿಸ್ ಆಗಿತ್ತು, ಇವತ್ತು ತಪ್ಪಿಸೋ ಹಾಗೇ ಇಲ್ಲ. ಮುಂದಿನ ರಸ್ತೇಲಿ ಕಾರು ಮುಳುಗೋಷ್ಟು ನೀರು. ನಿಮ್ಮ ಕಡೆ ಹೇಗಿದೆ?"

ವಾಣಿಶ್ರೀ ಕೊಡೆ ಹಿಡಿದು ಹೊರಗೋಡಿದಳು. ಹುಲ್ಲುಗಾವಲಿನ ಪಕ್ಕದ ರಸ್ತೆಯಲ್ಲಿ ನೀರು ಹರಿಯುತ್ತಿತ್ತು, ನಿಂತಿರಲಿಲ್ಲ. ರಸ್ತೆ ದಾಟಿ ಹುಲ್ಲಿನೊಳಗೆ ಇಳಿದು ಅಲ್ಲೇ ಹರಡಿಕೊಳ್ಳುತ್ತಿತ್ತು. ಕಣಕಾಲಿಗಿಂತ ಮೇಲೆ ಎಲ್ಲೂ ಇರಲಿಲ್ಲ. ಹೆದ್ದಾರಿಯವರೆಗೂ ನಡೆದು ನೋಡಿ ಫೋನಿನಲ್ಲಿ ಕೂಗಿದಳು: "ಬನ್ನಿ! ನಿಮ್ಮ ಹಿತ್ತಲ ಓಣಿಯಿಂದ ಈ ಕಡೆ ಬನ್ನಿ, ದಾರಿ ಇದೆ!"

ಕಾರು ಮೆಲ್ಲಗೆ ಬಂತು. ವಾಣಿಶ್ರೀ ನೀರು ತುಳಿಯುತ್ತ ಮುಂದೆ ಮುಂದೆ ನಡೆದು ದಾರಿ ತೋರಿಸಿದಳು. ಹಿಂದಿನ ಸೀಟಿನಲ್ಲಿ ಅನುಸೂಯಾ ಕಣ್ಣು ಮುಚ್ಚಿ ಒರಗಿದ್ದರು. ಕಾರು ಹೆದ್ದಾರಿ ಹತ್ತುವ ತನಕ ಸುಮಿತ್ರವ್ವ ಬಾಗಿಲಲ್ಲಿ ಕೈಮುಗಿದು ನಿಂತೇ ಇದ್ದರು.

ಗುರುವಾರ ಸಭೆಯಲ್ಲಿ ವಾಣಿಶ್ರೀ ಎದ್ದು, ಉಪಕಾರದ ನಾಲ್ಕು ವಿಂಗಡಣೆಗಳನ್ನು ಓದತೊಡಗಿದಳು. ಮೋಹನರಾಜ ಕೈಯೆತ್ತಿ ತಡೆದರು.

"ಇವರ ನಾಲ್ಕು ವಿಂಗಡಣೇಲಿ ನಮ್ಮ ಮನೆಯವಳು ಯಾವುದರಲ್ಲಿ ಬರ್ತಾಳೋ ನಂಗೊತ್ತಿಲ್ಲ. ಅವತ್ತು ಟೈಮಿಗೆ ಆಸ್ಪತ್ರೆ ಸೇರಿದ್ಲು. ಆ ಹುಲ್ಲನ್ನ ಕೀಳಿಸೋಕೆ ಹೊರಟಿದ್ದವನು ನಾನೇ." ಕೈಯೆತ್ತಿ ಮತ ಹಾಕಿದಾಗ ಹುಲ್ಲುಗಾವಲು ಉಳಿಯಿತು.

ಭಾನುವಾರ ಅನುಸೂಯಾ ಡಬ್ಬಿಯಲ್ಲಿ ಪುಳಿಯೋಗರೆ ಹಿಡಿದು ಬಂದರು. "ನಿಮಗೆ ಹೇಗೆ ಥ್ಯಾಂಕ್ಸ್ ಹೇಳ್ಬೇಕೋ," ಎಂದರು.

"ನನಗ್ಯಾಕ್ರಿ?" ಎನ್ನುತ್ತ ವಾಣಿಶ್ರೀ ಅವರ ಕೈಹಿಡಿದು ರಸ್ತೆ ದಾಟಿಸಿ ಹುಲ್ಲಿನ ಬಳಿಗೆ ಕರೆದೊಯ್ದಳು. ಅನುಸೂಯಾ ಬಾಗಿ, ಒಂದು ತೆನೆಯನ್ನು ಮಗುವಿನ ಕೆನ್ನೆ ಸವರಿದಂತೆ ಸವರಿದರು.